ಅಪ್ಪನ ಮಾತು, ನನ್ನ ಪಾರ್ಟು

ನಾನು ಚಿಕ್ಕವನಿದ್ದಾಗ ಒಂದು ಸಲ ಇಡೀ ಊರಿನ ಮುಂದೆ ಅಪ್ಪನ ಹಾಗೆ ಕೆಮ್ಮಿ, ಅಪ್ಪನ ಹಾಗೆ ಬೈದು, ಕೊನೆಗೆ ಅಪ್ಪನಿಗೇ ಮುಖ ತೋರಿಸಲು ಹೆದರಿ ಅಡಗಿಕೊಂಡಿದ್ದೆ. ಆಗ ನನಗೆ ಒಂಬತ್ತು ವರ್ಷ.

ನಾವು ಇಳಕಲ್ಲಿನ ನೇಕಾರರು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರೆ, ಅಕ್ಕ ಪಕ್ಕದಲ್ಲಿ ಕುಳಿತು ರಾಟಿ ತಿರುಗಿಸುತ್ತ, ಲಾಳಿಯೊಳಗೆ ಇಡುವ ಕಂಡಕಿಗೆ ನೂಲು ಸುತ್ತುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ನಾನು ಸಾಲಿಯಿಂದ ಬಂದು ಗಟ್ಟಿಯಾಗಿ ಓದುವ ಪಾಠ ಕೇಳಿ ಕೇಳಿಯೇ ಅವಳಿಗೆ ಬಾಯಿಪಾಠವಾಗುತ್ತಿತ್ತು. ನಾನು ತಪ್ಪಿದರೆ ರಾಟಿ ನಿಲ್ಲಿಸದೆಯೇ ತಿದ್ದುತ್ತಿದ್ದಳು. ಆದರೆ ಸಾಲಿಗೆ ಹೋಗುತ್ತೇನೆ ಎಂದು ಅವಳು ಬಾಯಿ ತೆರೆದರೆ ಅಪ್ಪ ಮೊದಲು ಎರಡು ಸಲ ಕೆಮ್ಮುತ್ತಿದ್ದ. ಆಮೇಲೆ ತೊಡೆ ತಟ್ಟಿಕೊಂಡು ಬೈಗುಳ ಶುರು.

ಆ ವರ್ಷ ನಮ್ಮ ಸಾಲಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ವರ್ಗ ತೆರೆದಿದ್ದರು. ಬಂದವರು ನಾಲ್ಕೇ ಹುಡುಗಿಯರು. ಇನ್ನಷ್ಟು ಮಂದಿ ಬರದಿದ್ದರೆ ಇನ್‌ಸ್ಪೆಕ್ಟರ್ ಸಾಹೇಬರು ಅದನ್ನು ಮುಚ್ಚಿಸಿಬಿಡುತ್ತಾರೆ ಎಂದು ನಮ್ಮ ಮಾಸ್ತರರಿಗೆ ಚಿಂತೆ ಹತ್ತಿತ್ತು. ಅದಕ್ಕೇ ಅವರು ಕೂತು ಒಂದು ನಾಟಕ ಬರೆದರು. ನೇಕಾರನ ಮಗಳೊಬ್ಬಳು ಸಾಲಿಗೆ ಹೋಗಬೇಕು ಎನ್ನುತ್ತಾಳೆ, ಅವಳ ಅಪ್ಪ ಬೇಡ ಎನ್ನುತ್ತಾನೆ, ಕೊನೆಗೆ ಒಪ್ಪುತ್ತಾನೆ. ಅಷ್ಟೇ ಕಥೆ. ಅಪ್ಪನ ಪಾರ್ಟು ನನಗೆ ಬಂತು.

ಮಾಸ್ತರರು ಬರೆದಿದ್ದ ಅಪ್ಪ "ಎಲೈ ಪುತ್ರಿಯೇ" ಎಂದು ಮಾತು ಶುರು ಮಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಮಾಸ್ತರ್ರ, ನಮ್ಮ ಓಣ್ಯಾಗ ಯಾರೂ ಹಿಂಗ ಮಾತಾಡೂದಿಲ್ಲರಿ."

"ಮತ್ತ ಹೆಂಗ ಮಾತಾಡ್ತಾರ? ನೀನ ಹೇಳು ನೋಡೂಣು."

ನಾನು ಎರಡು ಸಲ ಕೆಮ್ಮಿದೆ. ತೊಡೆ ತಟ್ಟಿಕೊಂಡೆ. "ಕಂಡಕಿ ಸುತ್ತಾಕ ಅಕ್ಷರ ಯಾಕಬೇ? ನೂಲು ಏನ್ ನಿನ್ನ ಪಾಟಿ ನೋಡಿ ಸುತಗೊಳ್ತೈತೇನು?" ಎಂದೆ. ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದನ್ನೇ ಬರೆದುಕೊಂಡರು. ಅದು ಯಾರ ಮಾತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಾಹೇಬರು ಸಾಲಿಯ ತಪಾಸಣೆಗೆಂದು ಬಾಗಲಕೋಟೆಯಿಂದ ಹುನಗುಂದದ ಮೇಲೆ ಹಾಯ್ದು ಸವಾರಿ ಬಂಡಿಯಲ್ಲಿ ಬಂದರು. ಮಧ್ಯಾಹ್ನ ಸಾಲಿಯ ಅಂಗಳದ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ, ಹಿಂದೆ ಎರಡು ಸೀರೆ ಕಟ್ಟಿ ಪರದೆ ಮಾಡಿದ್ದೆವು. ಬಣ್ಣದ ನೂಲಿನ ವಾಸನೆ ಮೈಗೆ ಅಂಟಿಸಿಕೊಂಡೇ ನೇಕಾರರೆಲ್ಲ ಬಂದು ಕೂತರು. ಹೆಂಗಸರು ಗೋಡೆಯ ಆಚೆ ನಿಂತರು. ಮುಂದಿನ ಸಾಲಿನಲ್ಲಿ, ಒಗೆದ ರುಮಾಲು ಸುತ್ತಿಕೊಂಡು ನನ್ನ ಅಪ್ಪ ಕೂತಿದ್ದ. ಮಗನ ಪಾರ್ಟು ನೋಡಲೆಂದೇ ಆ ದಿನ ಮಗ್ಗ ನಿಲ್ಲಿಸಿ ಬಂದಿದ್ದ.

ನಾನು ಆಡಲಿರುವುದು ಅವನದೇ ಮಾತು ಎಂದು ಅವನನ್ನು ಕಂಡಾಗಲೇ ನನಗೆ ಹೊಳೆದದ್ದು. ಆದರೆ ತಡವಾಗಿತ್ತು. ಕೆಮ್ಮು ತಾನಾಗಿಯೇ ಬಂದುಬಿಟ್ಟಿತು. ಎರಡನೆಯ ಕೆಮ್ಮಿಗೇ ಜನ ಕಿಸಕ್ಕೆಂದರು. ನೂಲಿನ ಮಾತು ಬಂದಾಗಂತೂ ಅಂಗಳವೆಲ್ಲ ನಗು.

"ಏ, ಇಂವ ತಮ್ಮಪ್ಪನ್ನ ಹೊತಗೊಂಡು ಬಂದಾನಲೇ!" ಎಂದು ಯಾರೋ ಕೂಗಿದರು.

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಎದ್ದ. ಧೋತರ ಝಾಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟೇಹೋದ.

ಮುಂದಿನ ಮಾತುಗಳನ್ನು ಹೇಗೆ ಆಡಿದೆನೋ ನನಗೇ ತಿಳಿಯದು. ಕೊನೆಯಲ್ಲಿ ನಾಟಕದ ಮಗಳ ಕೈಗೆ ಪಾಟಿ, ಬಳಪ ಕೊಟ್ಟು "ಹೋಗವ್ವಾ, ಕಲಿ" ಎನ್ನಬೇಕಿತ್ತು. ಅಷ್ಟು ಹೇಳುವಾಗ ನನಗೆ ನಿಜವಾಗಿಯೇ ಅಳು ಬಂತು. ಗೋಡೆಯಾಚೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗನ ಅಳು ಭಾಳ ಸಹಜವಾಗಿತ್ತು ಎಂದು ಸಾಹೇಬರು ಹೊಗಳಿದರು. ಒಬ್ಬ ಮುದುಕರು ಮಾತ್ರ, "ನಾಟಕ ಅಂದ್ರ ರಾಜಾ ಬೇಕು, ರಾಕ್ಷಸ ಬೇಕು. ಮನ್ಯಾಗಿನ ಮಗ್ಗಾ ನೋಡಾಕ ಇಲ್ಲೀತನಕ ಬರಬೇಕೇನು?" ಎಂದು ಗೊಣಗಿದರು. ಚಪ್ಪಾಳೆ, ಗೊಣಗಾಟ ಯಾವುದೂ ನನ್ನ ಮನಸ್ಸಿಗೆ ಇಳಿಯುತ್ತಿರಲಿಲ್ಲ.

ಮನೆಗೆ ಹೋಗಿ ಹಿತ್ತಲಲ್ಲಿ ಕಟ್ಟಿಗೆ ಒಟ್ಟಿದ ಮರೆಗೆ ಕೂತೆ. ಅಕ್ಕ ಹುಡುಕಿಕೊಂಡು ಬಂದಳು.

"ಏಳು. ಅಪ್ಪ ಕರೀತಾನ."

ಅಪ್ಪ ಮಗ್ಗದಲ್ಲಿ ಕೂತಿದ್ದ. ಲಾಳಿ ಓಡುತ್ತಿರಲಿಲ್ಲ.

"ಅಲ್ಲೆ ಮಾಡಿದ್ದು ಇಲ್ಲೆ ಮಾಡಿ ತೋರ್ಸು" ಎಂದ.

ನಾನು ಅವನೆದುರು ನಿಂತೆ. ಕೆಮ್ಮಿದೆ, ತೊಡೆ ತಟ್ಟಿದೆ, ಎಲ್ಲ ಮಾತೂ ಆಡಿದೆ. ಅಪ್ಪ ಕಣ್ಣು ಕೀಳದೆ ನೋಡಿದ.

"ಕೆಮ್ಮು ಜಾಸ್ತಿ ಆತು. ನಾ ಅಷ್ಟು ಕೆಮ್ಮೂದಿಲ್ಲ."

"ಕೆಮ್ಮತೀರಿ" ಎಂದಳು ಅಡುಗೆಮನೆಯಿಂದ ಅವ್ವ.

ಅಪ್ಪ ಲಾಳಿ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. "ನಾ ಎದ್ದು ಬಂದ ಮ್ಯಾಲೆ ಏನಾತು? ಆ ಅಪ್ಪ ಹುಡುಗೀನ್ನ ಸಾಲಿಗೆ ಕಳಿಸಿದ್ನೇನು?"

"ಕಳಿಸಿದ."

"ಮಂದಿ ಏನಂದ್ರು?"

"ಚಪ್ಪಾಳಿ ಹೊಡದ್ರು, ಅಪ್ಪಾ. ಅತ್ರು ಸೈತ."

"ನಾನೂ ನಗಾಕ ಹತ್ತಿದ್ದೆ" ಎಂದ ಅಪ್ಪ ಮೆಲ್ಲಗೆ. "ಯಾರೋ ದಡ್ಡ ಮಾತಾಡ್ಯಾನ ಅಂತ ನಕ್ಕೆ. ಮಂದಿ ನನ್ನ ಕಡೆ ನೋಡಿದಾಗ ತಿಳೀತು."

ಆಮೇಲೆ, ರಾಟಿಯ ಮುಂದೆ ಕೂತಿದ್ದ ಅಕ್ಕನ ಕಡೆ ತಿರುಗಿ, "ನಾಳಿಂದ ಕಂಡಕಿ ಮುಂಜಾನಿ ನಾನ ಸುತಗೋತೇನಿ. ನೀ ಇವನ ಕೂಡ ಹೋಗು" ಎಂದ.

ಅಕ್ಕನ ಕೈಯಲ್ಲಿ ನೂಲು ಪಟ್ಟನೆ ಹರಿಯಿತು. ನಾನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ಹೊಟ್ಟೆ ಹಸಿದಿದೆ ಎಂಬುದು ಆಗ ನೆನಪಾಯಿತು. ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ ಕೊಟ್ಟಳು. ಅಂಥ ರುಚಿಯ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ಮೊನ್ನೆ ನೀವು ಮಕ್ಕಳು ಮೊಮ್ಮಕ್ಕಳೆಲ್ಲ ಟಾಕೀಜಿಗೆ ಹೋಗಿ ಸಾಲಿಯದೊಂದು ಸಿನಿಮಾ ನೋಡಿ ಬಂದಿರಿ. ಯಾರ ಪಾರ್ಟು ಚಲೋ, ಯಾವ ಹಾಡು ಬೇಸರ ಎಂದು ಊಟ ಮುಗಿಯುವ ತನಕ ಜಗಳಾಡಿದಿರಿ. ಪತ್ರಿಕೆಯವರು ಅದರ ಬಗ್ಗೆ ಬರೆದದ್ದನ್ನು ನನ್ನ ಮೊಮ್ಮಗಳೇ ಎಲ್ಲರಿಗೂ ಓದಿ ಹೇಳಿದಳು. ಅವಳು ಮಾರನೆಯ ದಿನ ಸಾಲಿಗೆ ಹೋಗಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಹೋಗಲಾರೆ ಎಂದದ್ದಕ್ಕೇ ಬೈಸಿಕೊಂಡಳು! ನಾನು ಮೂಲೆಯಲ್ಲಿ ಕೂತು ನಕ್ಕೆ.

ನಮ್ಮ ನಾಟಕ ಆಡಿದ್ದು ಒಂದೇ ಮಧ್ಯಾಹ್ನ. ಅದು ಚಲೋ ಇತ್ತೋ ಇಲ್ಲವೋ ಎಂದು ಯಾರೂ ಎಲ್ಲಿಯೂ ಬರೆಯಲಿಲ್ಲ. ಮಾಸ್ತರರು ಮಾತ್ರ ಮರುದಿನ ಮುಂಜಾನೆ ಹುಡುಗಿಯರ ಹಾಜರಿ ಪುಸ್ತಕ ತೆರೆದು, ನಾಲ್ಕು ಹೆಸರುಗಳ ಕೆಳಗೆ ಅಕ್ಕನ ಹೆಸರು ಬರೆದುಕೊಂಡರು.