ಆರು ಗಂಟೆಯ ನೀರು

ಇವತ್ತು ಬೆಳಗ್ಗೆಯಿಂದ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದ್ದು, ನಾಳಿನ ದೋಸೆಗೆ ಅಕ್ಕಿ ನೆನೆಹಾಕಿದ್ದು, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದು, ಸಂಪಿನ ಮುಚ್ಚಳದ ಸುತ್ತ ಬೆಳೆದ ಹುಲ್ಲು ಕಿತ್ತಿದ್ದು, ಯಜಮಾನರ ಕನ್ನಡಕಕ್ಕೆ ಸ್ಕ್ರೂ ಹಾಕಿಸಿಕೊಂಡು ಬಂದಿದ್ದು, ಕೊನೆಗೆ ಮೂರು ಕಾಟನ್ ಸೀರೆಗಳಿಗೆ ಗಂಜಿ ಹಾಕಿದ್ದು. ಮನೆಯಲ್ಲೇ ಸೀರೆಗೆ ಗಂಜಿ ಹಾಕುವವಳು ನಮ್ಮ ರಸ್ತೆಯಲ್ಲಿ ಈಗ ನಾನೊಬ್ಬಳೇ ಇರಬೇಕು. ಬಿಸಿ ಗಂಜಿಯನ್ನು ಬಟ್ಟೆಯಲ್ಲಿ ಸೋಸುವಾಗ ಬರುತ್ತದಲ್ಲ, ಬೆಂದ ಅಕ್ಕಿಯ ಆ ಮೆತ್ತನೆಯ ವಾಸನೆ... ಅದು ಮೂಗಿಗೆ ತಾಗಿದರೆ ಸಾಕು, ಎದುರು ಮನೆ ಮೇಷ್ಟ್ರು ನಮ್ಮ ಗೇಟಿನಲ್ಲಿ ಸ್ಟೀಲ್ ಲೋಟ ಹಿಡಿದು ನಿಂತ ಹಾಗಾಗುತ್ತದೆ.

ಮೊದಲ ಸಲ ಅವರು ಹಾಗೆ ನಿಂತಾಗ ನಮಗೆ ಪರಿಚಯವೇ ಇರಲಿಲ್ಲ. ಎದುರು ಮನೆಯ ಮಹಡಿಗೆ ಗಂಡ ಹೆಂಡತಿ ಬಾಡಿಗೆಗೆ ಬಂದು ವಾರವಾಗಿತ್ತು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು ಅಂತ ಮಾತ್ರ ಕೇಳಿದ್ದೆ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು.

"ಅಕ್ಕಾರ, ಒಂದ್ ಚಮಚ ಗಂಜಿ ಇದ್ರ ಕೊಡ್ರಿ," ಅಂದರು.

"ಹೊಟ್ಟೆ ಸರಿ ಇಲ್ವಾ ಮೇಷ್ಟ್ರೇ?" ಅಂದೆ.

"ನನ್ನ ಹೊಟ್ಟಿ ಆರಾಮ ಐತ್ರಿ. ನಿಮ್ಮ ಕೆರಿ ಹೊಟ್ಟಿ ನೋಡಬೇಕಾಗೇತಿ."

ನಮ್ಮ ಮನೆ ಬೆಂಗಳೂರಿನ ಅಂಚಿನ ಸಿಂಗಾಪುರದ ಕಡೆ. ಹಿಂದಿನ ರಸ್ತೆ ದಾಟಿದರೆ ಕೆರೆ. ನಾನು ಮದುವೆಯಾಗಿ ಬಂದಾಗ ಅದರ ಏರಿಯ ಕೆಳಗೆ ಮಾವನವರ ರಾಗಿ ಹೊಲವಿತ್ತು, ಈಗ ಸೈಟುಗಳಾಗಿವೆ. ಕೆರೆ ಮಾತ್ರ ಹೇಗೋ ಉಳಿದುಕೊಂಡಿತ್ತು. ಅದರಲ್ಲಿ ಮೀನು ಸಾಕುವ ಗುತ್ತಿಗೆ ನನ್ನ ಮೈದುನನದು. ಮಳೆಗಾಲದಲ್ಲಿ ಮರಿ ಬಿಟ್ಟು, ಬೇಸಿಗೆ ಕಳೆಯುವ ಹೊತ್ತಿಗೆ ಬಲೆ ಹಾಕುತ್ತಿದ್ದ. ಎರಡು ವರ್ಷದಿಂದ ಯಾವುದೋ ಬಡಾವಣೆಯ ಚರಂಡಿ ನೀರು ಕೆರೆಯ ಒಂದು ಮೂಲೆಗೆ ಬಂದು ಬೀಳುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಅರ್ಧಕ್ಕರ್ಧ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ದವು. ಇನ್ನೊಂದು ಬೇಸಿಗೆ ಹೀಗೇ ಆದರೆ ಕೆರೆಯ ಸಹವಾಸವೇ ಬೇಡ ಅಂತ ಮೈದುನ ತೀರ್ಮಾನ ಮಾಡಿಬಿಟ್ಟಿದ್ದ.

ಮೇಷ್ಟ್ರು ವಾಕಿಂಗಿಗೆ ಹೋದವರು ಆ ಚರಂಡಿ ನೋಡಿ ಬಂದಿದ್ದರು. ಮರುದಿನದಿಂದಲೇ ಚೀಲ ಹೊತ್ತರು. ಚೀಲದಲ್ಲಿ ಗಾಜಿನ ಬಾಟಲಿ, ಥರ್ಮಾಮೀಟರು, ಮೂರು ನಾಲ್ಕು ಹನಿ ಹಾಕುವ ಸೀಸೆಗಳು, ಮತ್ತೆ ಒಂದು ಊಟದ ತಟ್ಟೆ. ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದು, ನಡುವೆ ತೂತು ಕೊರೆದು ದಾರ ಕಟ್ಟಿದ್ದರು. ಅದನ್ನು ನೀರಿಗೆ ಇಳಿಬಿಡುವುದು, ಎಷ್ಟು ಗೇಣಿಗೆ ಕಣ್ಮರೆಯಾಗುತ್ತದೋ ಅಷ್ಟು ತಿಳಿ ಅಂತ ಬರೆದುಕೊಳ್ಳುವುದು. ಅವರ ಮನೆಯವರಿಗೆ ಆ ತಟ್ಟೆಯ ಮೇಲೆ ಕೊನೆಯವರೆಗೂ ಸಿಟ್ಟಿತ್ತು. ತವರಿನವರು ಕೊಟ್ಟ ಆರು ತಟ್ಟೆಗಳ ಜೊತೆಯದಂತೆ.

ಗಂಜಿಯ ಕೆಲಸ ಬೇರೆ. ಬಾಟಲಿಯನ್ನು ಪೂರ್ತಿ ಮುಳುಗಿಸಿ, ನೀರಿನೊಳಗೇ ಮುಚ್ಚಳ ಹಾಕಬೇಕು. "ಒಂದ್ ಗುಳ್ಳಿ ಉಳದ್ರೂ ಕೆರಿ ಸುಳ್ಳ ಹೇಳತೈತ್ರಿ ಅಕ್ಕಾರ," ಅನ್ನುತ್ತಿದ್ದರು. ಆಮೇಲೆ ಒಂದೊಂದೇ ಸೀಸೆಯ ಹನಿ ಬಿದ್ದು ನೀರು ಕಂದಾಗಿ, ಹಳದಿಯಾಗಿ, ಗಂಜಿ ಬಿದ್ದ ಕೂಡಲೇ ಶಾಯಿಯಂತೆ ನೀಲಿಯಾಗುತ್ತಿತ್ತು. ಕೊನೆಯ ಸೀಸೆಯದನ್ನು ಹನಿ ಹನಿಯಾಗಿ ಹಾಕುತ್ತಾ ಎಣಿಸಬೇಕು. ಎಷ್ಟನೆಯ ಹನಿಗೆ ನೀಲಿ ಮಾಯವಾಗುತ್ತದೋ ನೀರಿನಲ್ಲಿ ಅಷ್ಟು ಉಸಿರಿದೆ ಅಂತ ಲೆಕ್ಕ. ಐದಕ್ಕಿಂತ ಮೇಲಿದ್ದರೆ ಮೀನು ಆರಾಮ, ಮೂರಕ್ಕೆ ಇಳಿದರೆ ಪರದಾಟ. ಅವರ ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಹನಿ ಹಾಕುವ ಕೆಲಸ ಬರಬರುತ್ತಾ ನನ್ನದಾಯಿತು. ಏರಿಯ ಮೇಲೆ ನಾವಿಬ್ಬರೂ ಕೂತಿದ್ದನ್ನು ನೋಡಿ ಮೈದುನ, "ಏನ್ ಅತ್ತಿಗೆ, ಕೆರೆಗೆ ಪೋಲಿಯೋ ಡ್ರಾಪ್ಸಾ?" ಅಂದಿದ್ದ.

ಆ ಅಂಕಿಗಳನ್ನೆಲ್ಲ ಸೇರಿಸಿ, ಚರಂಡಿಯನ್ನು ಬೇರೆ ಕಡೆ ತಿರುಗಿಸಬೇಕೆಂದು ಮೇಷ್ಟ್ರು ಪಾಲಿಕೆಯ ಕಚೇರಿಗೆ ಅರ್ಜಿ ಕೊಟ್ಟರು. ಅಲ್ಲಿನ ಎಂಜಿನಿಯರು ಬಂದು ನೋಡಿಯೂ ಹೋದರು. ಅರ್ಜಿ ನಡೆಯುತ್ತಿರುವಾಗಲೇ ಮೇಷ್ಟ್ರ ಮಗಳಿಗೆ ಹೆರಿಗೆಯಾಯಿತು. ಗಂಡ ಹೆಂಡತಿ ಒಂದು ತಿಂಗಳಿಗೆ ಹುಬ್ಬಳ್ಳಿಗೆ ಹೊರಟರು. ಚೀಲ, ನೋಟ್‌ಬುಕ್ಕು ಎರಡೂ ನನ್ನ ಕೈಗೆ ಬಂದವು. ಬುಧವಾರ, ಭಾನುವಾರ, ಬೆಳಗ್ಗೆ ಆರಕ್ಕೆ. ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಗೆರೆ ಹಾಕಿ, ತಾರೀಖು ಬರೆದು, ಸಮಯದ ಕಾಲಂನಲ್ಲಿ ಪ್ರತಿ ಸಾಲಿಗೂ ತಾವೇ ಮುದ್ದಾಗಿ 'ಬೆ. 6' ಅಂತ ಬರೆದಿಟ್ಟಿದ್ದರು, ನನಗೆ ಕಷ್ಟವಾಗದಿರಲಿ ಅಂತ.

ಮೊದಲ ದಿನ ಆರಕ್ಕೇ ಹೋದೆ. ಆಮೇಲೆ ಯಜಮಾನರಿಗೆ ಯಶವಂತಪುರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು ಬಿತ್ತು. ಡಬ್ಬಿ ಕಟ್ಟಿ, ಕಾವೇರಿ ನೀರು ಬಂದಾಗ ಹಿಡಿದು, ಬಟ್ಟೆ ಒಗೆದು ಕೆರೆಗೆ ಹೋಗುವಾಗ ಹತ್ತೂವರೆ. ಭಾನುವಾರವೂ ಅದೇ ಅಭ್ಯಾಸವಾಯಿತು. ನೀರು ಅದೇ ನೀರಲ್ಲವಾ, ಆರಾದರೇನು, ಹತ್ತಾದರೇನು ಅಂದುಕೊಂಡೆ. ನಾನು ಸುಳ್ಳು ಬರೆಯಲಿಲ್ಲ, ಮೊದಲೇ ಬರೆದಿದ್ದನ್ನು ಹೊಡೆದು ಹಾಕಲಿಲ್ಲ, ಅಷ್ಟೇ. ಹಾಗಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮೇಷ್ಟ್ರು ಫೇಡೆ ಹಿಡಿದುಕೊಂಡು ವಾಪಸ್ ಬಂದರು. ನೋಟ್‌ಬುಕ್ಕು ತೆರೆದವರ ಮುಖ ಅರಳಿಹೋಯಿತು. ಅವರು ಹೋಗುವಾಗ ಮೂರು ನಾಲ್ಕರಲ್ಲಿ ಇದ್ದದ್ದು ಎಂಟಾಗಿತ್ತು, ಒಂಬತ್ತಾಗಿತ್ತು.

"ಅಕ್ಕಾರ, ನೀವು ಕೈ ಹಚ್ಚಿದ್ದಕ್ಕ ಕೆರಿಗೆ ಆರಾಮ ಆಗೇತಿ ನೋಡ್ರಿ. ಇನ್ನ ಅರ್ಜಿ ಯಾಕ ಬೇಕು? ಸೋಮವಾರ ಹೋಗಿ ವಾಪಸ್ ತಗೊಂಡ್ ಬರ್ತೇನಿ. ಸುಮ್ಮ ಸುಮ್ಮನ ಮಂದೀನ ಕಾಡಬಾರದು."

ರಸ್ತೆಯಲ್ಲಿ ಸಿಕ್ಕವರಿಗೆಲ್ಲ ಫೇಡೆ ಕೊಟ್ಟು ಅದನ್ನೇ ಹೇಳಿದರು. ಅವತ್ತೇ ಸಾಯಂಕಾಲ ಮೈದುನ ಬಂದು ನಮ್ಮ ಜಗಲಿಯ ಮೇಲೆ ಕೂತ. ಅವನಿಗೂ ಒಂದು ಫೇಡೆ ಕೊಟ್ಟೆ.

"ಅದೇನ್ ಆರಾಮಾಗೈತೆ ಅಂತಾರೋ ನಿಮ್ ಮೇಷ್ಟ್ರು," ಅಂದ. "ಬೆಳಗಾನೆ ಓಗಿ ನೋಡು ಅತ್ತಿಗೆ, ಮೀನೆಲ್ಲ ಮೇಲ್ ಬಂದು ಬಾಯಿ ಬಾಯಿ ಬಿಡ್ತಾವೆ. ಓದ್ ವರ್ಷನೂ ಇಂಗೇ ಸುರುವಾಗಿದ್ದು."

ನನ್ನ ಕೈಯಲ್ಲಿದ್ದ ಫೇಡೆ ಹಾಗೇ ಡಬ್ಬಿಗೆ ವಾಪಸ್ ಹೋಯಿತು.

ಮರುದಿನ ಭಾನುವಾರ. ಬೆಳಗ್ಗೆ ಆರಕ್ಕೆ ಒಬ್ಬಳೇ ಕೆರೆಗೆ ಹೋಗಿ ಹನಿ ಹಾಕಿದೆ. ಮೂರನೆಯ ಹನಿಗೆ ನೀಲಿ ಹೊರಟುಹೋಯಿತು. ಬಾಟಲಿ ಹಿಡಿದುಕೊಂಡೇ ಎದುರು ಮನೆ ಮೆಟ್ಟಿಲು ಹತ್ತಿದೆ. ಮೇಷ್ಟ್ರು ಪೇಪರ್ ಓದುತ್ತಿದ್ದರು.

"ಮೇಷ್ಟ್ರೇ, ಒಂದು ತಪ್ಪಾಗಿದೆ. ಮೊದಲ ದಿನ ಬಿಟ್ಟರೆ ನಾನು ಆರಕ್ಕೆ ಹೋಗೇ ಇಲ್ಲ. ಅವೆಲ್ಲ ಹತ್ತೂವರೆ ನೀರು," ಅಂದೆ.

ಅವರು ಒಳಗೆ ಹೋಗಿ ನೋಟ್‌ಬುಕ್ಕು ತಂದು, ನೀರಿನ ಬಿಸಿ ಎಷ್ಟು ಡಿಗ್ರಿ ಎಂಬ ಕಾಲಂ ಮೇಲೆ ಬೆರಳಿಟ್ಟುಕೊಂಡು ಬಂದರು. ಇಪ್ಪತ್ತಾರು, ಇಪ್ಪತ್ತೇಳು ಅಂತ ನಾನೇ ಬರೆದಿದ್ದೆ. ಅವರು ನಗುವುದಕ್ಕೆ ಶುರು ಮಾಡಿದರು.

"ಏನ್ ಕೇಳ್ರಿ ಅಕ್ಕಾರ. ಮುಂಜಾನೆ ಆರಕ್ಕ ಇಪ್ಪತ್ತೇಳು ಹೆಂಗಿರತೈತಿ? ನೀವು ಖರೇನ ಬರದೀರಿ. ನಾ ಎಂಟು ಒಂಬತ್ತು ನೋಡಿ ಖುಷಿ ಆಗಿ, ಈ ಕಡೆ ನೋಡ್ಲೇ ಇಲ್ಲ. ಮೂವತ್ತು ವರ್ಷ ಹುಡುಗರ ಕಿವಿ ಹಿಂಡೇನಿ ಇದಕ್ಕ."

ಆಮೇಲೆ ವಿವರಿಸಿದರು. ಕೊಳೆ ನೀರು ಸೇರಿ ಪಾಚಿ ಹೆಚ್ಚಾಗಿದೆ. ಬಿಸಿಲು ಬಿದ್ದರೆ ಪಾಚಿ ನೀರಿಗೆ ಉಸಿರು ಕೊಡುತ್ತದೆ, ಕತ್ತಲಾದರೆ ತಾನೂ ಅದೇ ಉಸಿರು ಎಳೆದುಕೊಳ್ಳುತ್ತದೆ. ಹಾಗಾಗಿ ಕೆರೆಯ ನಿಜವಾದ ಕಾಯಿಲೆ ಕಾಣುವುದು ಹೊತ್ತು ಹುಟ್ಟುವಾಗ ಮಾತ್ರ. ನಾನು ಆ ಪುಟಗಳನ್ನು ಹರಿದು ಹಾಕುತ್ತೇನೆ ಅಂದಿದ್ದಕ್ಕೆ ಗಾಬರಿಯಾದರು.

"ಹರೀಬ್ಯಾಡ್ರಿ, ಅಳಸಲೂಬ್ಯಾಡ್ರಿ. ಬಾಜೂಕ್ ಕೆಂಪು ಪೆನ್ನಿಲೆ ಖರೇ ಟೈಮ್ ಬರೀರಿ. ಆರು ಗಂಟೇದು ಮೂರು, ಹತ್ತೂವರೀದು ಒಂಬತ್ತು. ಇಷ್ಟ ದಿನ ಇದನ್ನ ನಾ ತೋರಿಸೇ ಇರಲಿಲ್ಲಲ್ಲ ಆ ಎಂಜಿನಿಯರಗ."

ಆಗ ಹೊಳೆಯಿತು. ಎಂಜಿನಿಯರು ಎರಡು ಸಲ ಕೆರೆ ನೋಡಲು ಬಂದಿದ್ದರು, ಎರಡು ಸಲವೂ ಹನ್ನೊಂದರ ಮೇಲೆ. ಎರಡು ಸಲವೂ ನೀರು ಚೆನ್ನಾಗೇ ಇದೆ ಅಂತ ಬರೆದುಕೊಂಡು ಹೋಗಿದ್ದರು. ಅವರು ಮಾಡಿದ್ದೂ ನಾನು ಮಾಡಿದ ತಪ್ಪನ್ನೇ. ಸೋಮವಾರ ಮೇಷ್ಟ್ರು ಕಚೇರಿಗೆ ಹೋದರು, ಅರ್ಜಿ ವಾಪಸ್ ತೆಗೆದುಕೊಳ್ಳಲು ಅಲ್ಲ. ಕೆಂಪು ಪೆನ್ನಿನ ಪುಟ ತೋರಿಸಿ, ಒಂದು ದಿನ ಆರಕ್ಕೆ ಬನ್ನಿ, ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು ಹೋಗುವಿರಂತೆ ಅಂತ ಕರೆದು ಬಂದರು.

ಎಂಜಿನಿಯರು ಮಫ್ಲರ್ ಸುತ್ತಿಕೊಂಡು, ಆಕಳಿಸುತ್ತಾ ಬಂದರು. "ಇಷ್ಟೊತ್ತಿಗೆ ನಮ್ಮ ಮನೇಲಿ ಹಾಲೂ ಬಂದಿರಲ್ಲ ಸಾರ್," ಅಂದರು. ಮೇಷ್ಟ್ರು ಸೀಸೆಯನ್ನು ಅವರ ಕೈಗೇ ಕೊಟ್ಟರು. ಒಂದು, ಎರಡು, ಮೂರು. ನೀಲಿ ಹೋಯಿತು. ಅವರು ಬಾಟಲಿಯನ್ನು ಮೇಲೆತ್ತಿ ನೋಡಿದರು, ನಮ್ಮನ್ನು ನೋಡಿದರು. ಮುಂದೆ ನೀರಿನ ತುಂಬ ಮೀನಿನ ಬಾಯಿಗಳು ಗುಂಡಗೆ ತೆರೆದು ಮುಚ್ಚುತ್ತಿದ್ದವು. ಮೈದುನ ಪಕ್ಕದಲ್ಲೇ ನಿಂತಿದ್ದ, ಆದರೆ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ. ಎಂಜಿನಿಯರು ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ಬಿಸಿಲು ಬಲಿಯುವ ಮೊದಲೇ ಪೈಪ್ ಬಂತು, ಚರಂಡಿ ಬೇರೆ ಕಡೆ ತಿರುಗಿತು. ಆ ಬೇಸಿಗೆಯಲ್ಲಿ ಸತ್ತು ತೇಲಿದ ಮೀನನ್ನು ನಾನು ನೋಡಲಿಲ್ಲ.

ಬಲೆ ಹಾಕಿದ ದಿನ ಮೈದುನ ಮೊದಲ ಕಾಟ್ಲಾ ಮೀನನ್ನು ನೇರ ತೆಗೆದುಕೊಂಡು ಹೋಗಿ ಎದುರು ಮನೆ ಗೇಟಿನಲ್ಲಿ ನಿಂತ. ಮೇಷ್ಟ್ರು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಆದರೂ ಕೆಳಗಿಳಿದು ಬಂದು, ಒಂದು ಬೆರಳಿನಿಂದ ಮೀನಿನ ಕಿವಿರು ಎತ್ತಿ ಒಳಗೆ ನೋಡಿ, "ಕೆಂಪಗ ಐತಿ. ಚೊಲೋ ಉಸರಾಡೇತಿ," ಅಂದು ಮೀನನ್ನು ನನ್ನ ಕಡೆ ಕಳಿಸಿದರು. ಆಮೇಲೆ ಅದೇ ಪದ್ಧತಿಯಾಯಿತು. ಪ್ರತಿ ವರ್ಷ ಮೊದಲ ಮೀನು ಆ ಗೇಟಿಗೆ ಹೋಗಿ, ಪರೀಕ್ಷೆ ಪಾಸಾಗಿ, ನಮ್ಮ ಅಡುಗೆಮನೆಗೆ ಬರುತ್ತಿತ್ತು.

ನಾಲ್ಕು ವರ್ಷದ ಮೇಲೆ ಮೇಷ್ಟ್ರು, ಅವರ ಮನೆಯವರು ಮಗಳ ಊರಿಗೆ ಹೋದರು. ಹೋಗುವ ದಿನ ಚೀಲ ನನಗೆ ಕೊಟ್ಟರು. ತಟ್ಟೆಯೂ ಅದರೊಳಗೇ ಇತ್ತು. ಹೊಸ ನೋಟ್‌ಬುಕ್ಕಿಗೆ ಎಂದಿನಂತೆ ಸ್ಕೇಲಿನಿಂದ ಗೆರೆ ಹಾಕಿ, ಕಾಲಂ ಮಾಡಿದ್ದರು. ಸಮಯದ ಕಾಲಂ ಮಾತ್ರ ಖಾಲಿ ಬಿಟ್ಟಿದ್ದರು. ಅದನ್ನು ನೋಡಿ ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ, "ಎಷ್ಟ್ ಹನಿ ಅಕ್ಕಾರ?" ಅಂತ ಕೇಳುತ್ತಿದ್ದರು. ಹೋದ ವರ್ಷ ಅದೇ ನಂಬರಿನಿಂದ ಅವರ ಮಗಳು ಮಾತಾಡಿದಳು... ಮುಂದಿನದನ್ನು ಅವಳು ಹೇಳುವ ಮೊದಲೇ ನನಗೆ ತಿಳಿದಿತ್ತು.

ಇವತ್ತು ಮಧ್ಯಾಹ್ನ ಮೈದುನ ಈ ವರ್ಷದ ಮೊದಲ ಮೀನು ತಂದ. ನಾನು ಗಂಜಿ ಹಾಕಿದ ಸೀರೆ ಹರವುತ್ತಾ ತಾರಸಿಯ ಮೇಲಿನಿಂದ ನೋಡಿದೆ. ಮೇಷ್ಟ್ರು ಊರು ಬಿಟ್ಟು ಇಷ್ಟು ದಿನವಾದರೂ ಅವನು ಅಭ್ಯಾಸಬಲದಿಂದ ಎದುರು ಗೇಟಿನವರೆಗೂ ಹೋಗಿ, ಚಿಲಕಕ್ಕೆ ಕೈ ಹಾಕಿ, ಹಾಗೇ ನಿಂತ. ಮಹಡಿಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ರಸ್ತೆ ದಾಟಿ ಬಂದು, "ನೀನೇ ನೋಡ್ಬುಡು ಅತ್ತಿಗೆ," ಅಂದ. ಕೆಳಗಿಳಿದು ಬಂದು ಬೆರಳಿನಿಂದ ಕಿವಿರು ಎತ್ತಿ ನೋಡಿದೆ. ಕೆಂಪಗಿತ್ತು. ಹಾಗಂತ ಜೋರಾಗೇ ಹೇಳಿದೆ, ಎದುರು ಮಹಡಿಗೆ ಕೇಳಿಸುವಷ್ಟು.

ಸಾಯಂಕಾಲ ಅದರದೇ ಸಾರು, ರಾಗಿ ಮುದ್ದೆ, ಒಂದು ಹೋಳು ಈರುಳ್ಳಿ. ಯಜಮಾನರು, ಮೈದುನ ಇಬ್ಬರೂ ಎರಡೆರಡು ಮುದ್ದೆ ಉಂಡು ಟಿವಿ ಮುಂದೆ ಕೂತರು. ನಾನು ಒಂದು ಚಮಚ ಗಂಜಿಯನ್ನು ಸ್ಟೀಲ್ ಲೋಟದಲ್ಲಿ ಬೇರೆ ತೆಗೆದಿಟ್ಟೆ. ಮೊದಲು ಮಲಗಿದ್ದು ನಾನೇ. ನಾಳೆ ಭಾನುವಾರ, ಆರಕ್ಕೆ ಕೆರೆಯ ಹತ್ತಿರ ಇರಬೇಕು.