ಮೋಡೆಮ್ ಎತ್ತಿದ ಎರಡು ಕರೆಗಳು

2012ರಲ್ಲಿ ನಾನು ಸ್ವೀಡನ್ನಿನ ವೆಸ್ಟೆರಾಸ್‌ನ ಒಂದು ವಿದ್ಯುತ್ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಮಾರ್ಚ್‌ನಲ್ಲಿ ಉತ್ತರದ ಸಣ್ಣ ಜಲವಿದ್ಯುತ್ ಕೇಂದ್ರವೊಂದಕ್ಕೆ ಕಳಿಸಿದರು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಇದ್ದದ್ದು ಹಳೆಯ ತಾಮ್ರದ ತಂತಿಯ ಒಂದೇ ಟೆಲಿಫೋನ್ ಲೈನ್. ಹಿಮ ಕರಗಿ ನೀರು ಏರುವ ಮೊದಲು ಆ ಲೈನಿಗೆ ಡಯಲ್-ಅಪ್ ಮೋಡೆಮ್ ಜೋಡಿಸಿ, ಕೇಂದ್ರದ ಕಂಪ್ಯೂಟರಿಗೆ ನಮ್ಮ ಆಫೀಸಿನಿಂದಲೇ ಲಾಗಿನ್ ಆಗುವಂತೆ ಮಾಡಬೇಕಿತ್ತು.

ಎರಡನೇ ರಿಂಗಿಗೆ ಮೋಡೆಮ್ ತಾನೇ ಕರೆ ಎತ್ತುವಂತೆ ಮಾಡಲು ಒಂದು ಸಾಲಿನ ಕಮಾಂಡ್ ಸಾಕು. ಬೆಳಿಗ್ಗೆಯೇ ಅದನ್ನು ಕೊಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಕರೆಗಳು ಬಂದವು. ಮೋಡೆಮ್ ಎತ್ತಿತು, ಕಿರುಚಿತು, ಆ ಕಡೆ ಇನ್ನೊಂದು ಮೋಡೆಮ್ ಸಿಗದೆ ಲೈನ್ ಬಿಟ್ಟಿತು. ರಾಂಗ್ ನಂಬರ್ ಎಂದು ಬರೆದುಕೊಂಡೆ.

ಮಧ್ಯಾಹ್ನ ಆಫೀಸಿನಿಂದ ಸುಮಾ ಎರಡು ಸಲ ಲಾಗಿನ್ ಆಗಿ ನೋಡಿದಳು. ಬೆಂಗಳೂರಿನವಳು, ನನಗಿಂತ ಕಿರಿಯ ಸಹೋದ್ಯೋಗಿ. ಆಮೇಲೆ ಮೊದಲೇ ಮಾತಾಡಿಕೊಂಡಂತೆ ನಾನು ಮೋಡೆಮ್ ಕಳಚಿ ಫೋನ್ ಸಿಕ್ಕಿಸಿದೆ.

"ದಿನೇಶ್, ಎರಡನೇ ಸಲ ಪಾಸ್‌ವರ್ಡೇ ಕೇಳ್ಲಿಲ್ಲ. ಸೀದಾ ಒಳಗೆ ಬಂದ್ಬಿಟ್ಟೆ," ಎಂದಳು. ಆಮೇಲೆ, "ವೀಣಕ್ಕ ಆಫೀಸಿಗೆ ಫೋನ್ ಮಾಡಿದ್ರು. ಅವ್ರಿಗೆ ಮಾಡಿ. ಈಗ್ಲೇ," ಎಂದಳು.

ವೀಣಾ ನನ್ನ ಹೆಂಡತಿ. ವೆಸ್ಟೆರಾಸ್‌ನ ಮನೆಗೆ ಫೋನ್ ಮಾಡಿದೆ. ಅವಳು ಅಳುತ್ತಲೇ ಹೇಳಿದಳು: "ಉಡುಪಿಯಲ್ಲಿ ಭಾವ ಹೋದ್ರು. ಹಾರ್ಟ್ ಅಟ್ಯಾಕ್. ಬೆಳಿಗ್ಗೆ ಮಾತಾಡ್ತಾ ಇದ್ರಂತೆ. ನಾನೇ ಅವರಿಗೆ ನೀವಿರೋ ಕೇಂದ್ರದ ನಂಬರ್ ಕೊಟ್ಟದ್ದು. ಆಸ್ಪತ್ರೆಯಿಂದ ನಿಮಗೆ ಎರಡು ಸಲ ಮಾಡಿದ್ರು. ಮೊದಲನೇ ಸಲ ಭಾವನೇ ಫೋನ್ ಹಿಡ್ಕೊಂಡಿದ್ರು."

"ಟಿಕೆಟ್ ನೋಡು," ಎಂದೆ. ಅವಳ ಭಾವ ಎಂದರೆ ನನ್ನ ಅಣ್ಣ.

ಕೇಂದ್ರ ನೋಡಿಕೊಳ್ಳುತ್ತಿದ್ದ ಇಂಗ್ರಿಡ್, "ನಾಳೆ ಬೆಳಿಗ್ಗೆಯವರೆಗೆ ಬಸ್ಸಿಲ್ಲ," ಎಂದು ಕಾಫಿ ತಂದಿಟ್ಟಳು. ಕುಡಿದೆ. ಬಿಸಿಯಿತ್ತೋ ತಣ್ಣಗಿತ್ತೋ ನೆನಪಿಲ್ಲ.

ಮತ್ತೆ ಕೆಲಸಕ್ಕೆ ಕೂತೆ. ಲೈನ್ ಕಡಿದಾಗ ಅದನ್ನು ಮೋಡೆಮ್ ಕಂಪ್ಯೂಟರಿಗೆ ತಿಳಿಸಬೇಕು. ನನ್ನ ಕೇಬಲ್ಲಿನಲ್ಲಿ ಆ ಒಂದು ತಂತಿಯೇ ಇರಲಿಲ್ಲ. ಹಾಗಾಗಿ ಹಿಂದಿನವರ ಲಾಗಿನ್ ತೆರೆದೇ ಉಳಿದು, ಮುಂದೆ ಕರೆ ಮಾಡಿದವರು ಯಾರೇ ಆದರೂ ಅಣೆಕಟ್ಟಿನ ಗೇಟ್ ತೆರೆಯುವವರೆಗೂ ಹೋಗಬಹುದಿತ್ತು. ಕೇಬಲ್ ಬದಲಿಸಿ, ಮೋಡೆಮ್ ಸಿಕ್ಕಿಸಿದೆ. ಸುಮಾ ಐದು ಸಲ ಕರೆ ಮಾಡಿದಳು. ಐದೂ ಸಲ ಪಾಸ್‌ವರ್ಡ್ ಕೇಳಿತು. ರಿಪೋರ್ಟ್ ಬರೆದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ದುಃಖ ಬರಲೆಂದು ಕಾದೆ, ಬರಲಿಲ್ಲ.

ಉಡುಪಿ ತಲುಪುವಾಗ ಎಲ್ಲ ಮುಗಿದು ಎರಡು ದಿನವಾಗಿತ್ತು. "ಏನೋ ಕಿರುಚ್ತದೆ, ಅವನು ಕೆಲಸದಲ್ಲಿದ್ದಾನೆ ಕಾಣ್ತದೆ ಅಂದ್ರು ಇವರು," ಎಂದರು ಅತ್ತಿಗೆ.

ಅಂದಿನಿಂದ ಯಾವ ಲೈನಿಗೆ ಮೋಡೆಮ್ ಹಾಕುವ ಮೊದಲೂ, ಈ ನಂಬರ್ ಇನ್ನು ಯಾರ ಹತ್ತಿರ ಇದೆ ಎಂದು ಕೇಳುತ್ತೇನೆ. ಮನುಷ್ಯರು ಕರೆ ಮಾಡುವ ಲೈನನ್ನು ಯಂತ್ರಕ್ಕೆ ಬಿಟ್ಟುಕೊಡುವುದಿಲ್ಲ. ಬೇರೆ ಲೈನ್ ಹಾಕಿಸುತ್ತೇನೆ. ಆಫೀಸಿನವರು ಇದನ್ನು ಸುರಕ್ಷತೆಯ ಕ್ರಮವೆಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.