ರೇಡಿಯೋ ಬಂದಾದ ಮೇಲಿನ ಪಾಠ

ಗೌರಿ, ಶರಣು, ಮೊನ್ನೆ ನಿಮ್ಮವ್ವ ಇಳಕಲ್ಲಿನ ತನ್ನ ಶಾಲೆಯಲ್ಲಿ ಪಾಠ ಮುಗಿಸಿ ಮುಖ ಊದಿಸಿಕೊಂಡು ಬಂದಳು. "ಅತ್ತಿ, ಎಐ ಅಂತ ಬಂದೈತ್ರಿ. ಏನ್ ಕೇಳಿದ್ರೂ ಹೇಳತೈತಿ. ಇನ್ನ ನಮ್ಮನ್ನ ಯಾರ್ ಕೇಳ್ತಾರ್ರಿ?"

ನನಗೆ ನಗು ಬಂತು. (ಅವಳಿಗೆ ಸಿಟ್ಟು ಬಂತು.) ಈ ಅಳುವನ್ನು ನಾನು ಎಪ್ಪತ್ತರ ದಶಕದಲ್ಲೇ ಅತ್ತು ಮುಗಿಸಿದ್ದೆ. ಆಗ ಬಂದದ್ದು ರೇಡಿಯೋ!

ನಿಮ್ಮಜ್ಜ ತೀರಿದ ಮೇಲೆ ಶಿರೂರಿನ ಆಚೆಯ ಹಳ್ಳಿಯೊಂದರಲ್ಲಿ ನನಗೆ ಟೆಂಪರರಿ ಮಾಸ್ತರಿಕೆ ಸಿಕ್ಕಿತ್ತು. ನಾನೇ ಹಳ್ಳಿ ಶಾಲೆಯಲ್ಲಿ ಕಲಿತವಳು; ಗಂಡಸರ ಮುಂದೆ ದನಿಯೇ ಏಳುತ್ತಿರಲಿಲ್ಲ. ಅಂಥವಳ ಮೇಜಿನ ಮೇಲೆ ರೇಡಿಯೋ ತಂದಿಟ್ಟರು. ಪಾಠವೆಲ್ಲ ಅದೇ ಹೇಳುವುದಂತೆ! "ನಾಳಿ ಇದಕ್ಕ ಪಗಾರ ಕೊಟ್ಟು ನಮ್ಮನ್ನ ಮನಿಗಿ ಕಳಸ್ತಾರ" ಎಂದರು ಹೆಡ್‌ಮಾಸ್ತರು.

ರೇಡಿಯೋ ಪ್ರಶ್ನೆ ಕೇಳುತ್ತಿತ್ತು. ತುಸು ಹೊತ್ತು ಸುಮ್ಮನಿರುತ್ತಿತ್ತು. ಆಮೇಲೆ, "ಶಭಾಷ್ ಮಕ್ಕಳೇ! ಸರಿಯಾಗಿ ಹೇಳಿದಿರಿ." ಹೇಳಿದ್ದು ಯಾರು? ಒಬ್ಬರೂ ಬಾಯಿ ಬಿಟ್ಟಿರಲಿಲ್ಲ! ಕೇಳಿಸಿಕೊಳ್ಳದೆ ಹೊಗಳುವ ಇದೆಂಥ ಮಾಸ್ತರು ಎಂದು ಓಣಿಯ ಹೆಣ್ಣುಮಕ್ಕಳ ಮುಂದೆ ಬೈದದ್ದೇ ಬೈದದ್ದು.

ಒಂದು ದಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನನ್ನ ನೌಕರಿ ಕಾಯಂ ಆಗುವುದು ಅವರ ರಿಪೋರ್ಟಿನ ಮೇಲೆ. ನಾನೇನು ಮಾಡಿದೆ? ಬೈದ ರೇಡಿಯೋವನ್ನೇ ಹಚ್ಚಿ ಅದರ ಹಿಂದೆ ನಿಂತೆ. ಅರ್ಧ ಪಾಠಕ್ಕೆ ಸೆಲ್ ಮುಗಿದು ಅದು ಬಂದಾಯಿತು.

"ಹೂಂ, ಮುಂದ ನೀವ್ ಹೇಳ್ರಿ" ಎಂದರು ಸಾಹೇಬರು.

ರೇಡಿಯೋದ ಹಿಂದಿನಿಂದ ಮುಂದೆ ಬಂದೆ. ಬಾಯಿಂದ ಹೊರಟದ್ದು ಥೇಟ್ ರೇಡಿಯೋ! "ಮಕ್ಕಳೇ, ಗಿಡಗಳು ನೀರನ್ನು ಯಾವುದರಿಂದ ಹೀರುತ್ತವೆ?"

"ಹೂವಿನಿಂದ್ರಿ" ಎಂದಳು ಮುಂದಿನ ಸಾಲಿನ ಹಸೀನಾ.

"ಶಭಾಷ್! ಸರಿಯಾಗಿ ಹೇಳಿದಿರಿ" ಎಂದೆ ನಾನು, ಜಂತಿ ನೋಡುತ್ತ.

ಸಾಹೇಬರು ಪೆನ್ನು ತೆಗೆದರು. ನನ್ನ ಅನ್ನ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಹಸೀನಾ ಎದ್ದು ನಿಂತಳು.

"ಸಾಹೇಬ್ರ, ಅಕ್ಕೋರಿಗೆ ಇವತ್ತ ಆರಾಮಿಲ್ರಿ. ಇಲ್ಲಂದ್ರ ತಪ್ಪ್ ಹೇಳಿದವರನ್ನ ಸಾಲಿ ಬಿಟ್ಟಮ್ಯಾಲೂ ಮನಿಗಿ ಬಿಡಂಗಿಲ್ರಿ. ಹೇಳಿಸೇ ಹೇಳಸ್ತಾರ. ಬೇರಿನಿಂದ್ರಿ!"

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಅಕ್ಕೋರ, ಕಾಯಂ ಮಾಡ್ರಿ ಅಂತ ಬರೀತೇನಿ. ರೇಡಿಯೋಕ್ಕ ಸೆಲ್ ಹಾಕಸ್ರಿ. ನೀವ್ ಮಾತ್ರ ಅದರಂಗ ಮಾತಾಡಬ್ಯಾಡ್ರಿ!"

ನಿಮ್ಮವ್ವನಿಗೂ ಇದನ್ನೇ ಹೇಳಿದೆ. ನಿನ್ನೆಯಿಂದ ಅವಳು ಎಐ ಕೈಲಿ ಪ್ರಶ್ನೆ ಬರೆಸುತ್ತಾಳೆ, ಮಕ್ಕಳ ಉತ್ತರಕ್ಕೆ ತಾನೇ ಕಿವಿ ಕೊಡುತ್ತಾಳೆ.

ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ. ತಪ್ಪಿದ್ದಲ್ಲಿ ಕೆಂಪು ಗೀಟು ಹಾಕಿ. ಸುಮ್ಮನೆ ಹೊಗಳಿ ಮಡಚಿಟ್ಟರೆ ಈ ಮುದುಕಿ ಕಲಿಯುವುದು ಯಾವಾಗ?